ರಾತ್ರಿಯ ಲೆಕ್ಕ

ಶಾಲೆಯ ಗೋಡೆಗೆ ಬುರುಲ್ಚಾ ಅಜ್ಜಿಯ ಬಿಳಿ ಹಚ್ಚಡ.
ಮಡಿಕೆಗಳು ಹಾಗೇ ಇವೆ.
ಅದರ ಮೇಲೆ ಬಿದ್ದಿದೆ ನಮ್ಮ ಹೊಳೆ, ನೀಲಿ ಗೆರೆಯಾಗಿ,
ಐದು ತೂಬು ಐದು ಚುಕ್ಕೆಯಾಗಿ,
ಮೇಲೂರು ಹಸಿರು, ಕೆಳಗಿನೂರು ಹಳದಿ.
ಇಸಿಕ್‌ಕುಲ್ ಸರೋವರಕ್ಕೆ ಹಚ್ಚಡ ಸಾಲದೆ
ಅರ್ಧ ಕಿಟಕಿಯ ಮೇಲೆ ಸೋರಿದೆ.

ಚೋಲ್ಪೊನಾಯ್, ಬಿಷ್ಕೆಕ್‌ನಿಂದ ಬಂದವಳು,
ಲ್ಯಾಪ್‌ಟಾಪನ್ನು ಎರಡು ಅಟ್ಲಾಸಿನ ಮೇಲೆ ಕೂರಿಸಿ
"ಬನ್ನಿ, ನೀವೇ ಎಳೆದು ನೋಡಿ" ಎಂದಳು.
ಯಾರೂ ಮುಟ್ಟಲಿಲ್ಲ.
ಕೊನೆಗೆ ಮೇಲೂರಿನ ತೊಕ್ತೊರ್‌ಬಾಯ್ ಎದ್ದ,
ಉಣ್ಣೆ ಕತ್ತರಿಸಿ ಜಡ್ಡುಗಟ್ಟಿದ ಕೈ,
ಒಂದನೇ ತೂಬನ್ನು ತುದಿಯವರೆಗೂ ಎಳೆದ.
ಕೆಳಗಿನೂರು ಕೆಂಪಾಯಿತು, ಒಂದೇ ಉಸಿರಿಗೆ,
ಮಸೀದಿಯೂ, ನನ್ನ ಏಪ್ರಿಕಾಟ್ ತೋಟವೂ.
ಎಲ್ಲರೂ ನಕ್ಕರು. ಅವನೂ ನಕ್ಕ.
ಆಮೇಲೆ ಟೊಪ್ಪಿ ಸರಿಮಾಡಿಕೊಂಡು
ಅರ್ಧಕ್ಕೆ ಇಳಿಸಿದ, ಯಾರೂ ಹೇಳದೆ.

ಇಳಿಸಿದ ಮೇಲೆ ಕಡೆಯ ಚುಕ್ಕೆಯಲ್ಲಿ
ಸೆಕೆಂಡಿಗೆ ಮೂವತ್ತು ಲೀಟರ್ ಎಂದಿತು ಹಚ್ಚಡ.
ಅಲ್ಲಿ ನೆಟ್ಟ ಕಬ್ಬಿಣದ ಪಟ್ಟಿಯೋ,
ಹೋದ ವರ್ಷವೂ ಹದಿನೆಂಟು, ಈ ವರ್ಷವೂ ಹದಿನೆಂಟು.
ಹನ್ನೆರಡು ಎಲ್ಲಿ?
ಇಂಗಿರಬಹುದು, ಎಂದಳು ಹುಡುಗಿ. ಆವಿ. ಕಾಲುವೆಯ ಬಿರುಕು.
ಹೋದ ನೀರಿಗೆಲ್ಲ ಒಂದೊಂದು ಮರ್ಯಾದಸ್ಥ ಹೆಸರು.

ಹಿಂದಿನ ಬೆಂಚಿನಿಂದ ಬುರುಲ್ಚಾ ಅಜ್ಜಿ:
"ರಾತ್ರಿ ಎಲ್ಲಿದೆ ಮಗಳೇ, ನಿನ್ನ ಪೆಟ್ಟಿಗೆಯಲ್ಲಿ?
ನನ್ನ ಹಚ್ಚಡದ ಮೇಲೆ ಹಗಲಿನ ನೀರಷ್ಟೇ ಹರಿಯುತ್ತಿದೆ."

ಒಲೆಯಲ್ಲಿ ಕಲ್ಲಿದ್ದಲು ಜಾರಿದ ಸದ್ದು.
ನಾನು ನನ್ನ ಬೂಟು ನೋಡಿಕೊಂಡೆ.
ಹಿಮ್ಮಡಿಯಲ್ಲಿ ಇನ್ನೂ ಹಸಿ ಮಣ್ಣು.
ಪಕ್ಕದವನೂ ತನ್ನ ಬೂಟು ನೋಡುತ್ತಿದ್ದ.
ಅವನ ಪಕ್ಕದವನೂ.
ಇಷ್ಟು ವರ್ಷ ನಾನೊಬ್ಬನೇ ಎಂದುಕೊಂಡಿದ್ದೆ,
ಗುದ್ದಲಿಗೆ ಬಟ್ಟೆ ಸುತ್ತಿ, ನಾಯಿಗೆ ರೊಟ್ಟಿ ಎಸೆದು
ಮಡೆ ತಿರುವುವವನು.

ನೀರುಗಂಟಿ ಅಸನ್‌ಗಾಜಿ ಕೆಮ್ಮಿದ.
ಕತ್ತಲಲ್ಲೇ ಯಾವ ಹೆಜ್ಜೆ ಯಾರದೆಂದು ಬಲ್ಲವನು.
"ಬರಕೋ ತಾಯಿ. ಹನ್ನೆರಡಲ್ಲ, ಹತ್ತು.
ಎರಡು ನಿಜಕ್ಕೂ ಬಿರುಕು.
ಹೆಸರು ಬೇಡ. ರಾತ್ರಿ ಅಂತ ಹಾಕು."

ಹಾಕಿದಳು.
ಆರನೇ ಚುಕ್ಕೆ, ಬೂದು ಬಣ್ಣ,
ಅದಕ್ಕೂ ಒಂದು ಎಳೆಯುವ ಗುಂಡಿ.
ಬಿರುಕಿಗೆ ಎರಡು ಕಳೆದಳು.
ಹದಿನೆಂಟು, ಎಂದಿತು ಹಚ್ಚಡ.

"ಇದನ್ನು ಯಾರು ಇಳಿಸುತ್ತೀರಿ?"
ಅವಳು ಕೇಳುವಷ್ಟರಲ್ಲಿ ಕರೆಂಟು ಹೋಯಿತು.
ಹೊಳೆ ಆರಿತು, ಹಚ್ಚಡ ಬರೀ ಹಚ್ಚಡ.
ಕತ್ತಲಲ್ಲಿ ಒಂದು ಬೆಂಚು ಕಿರುಗುಟ್ಟಿತು,
ಯಾರೋ ಎದ್ದು ಹೋಗಿ
ಲ್ಯಾಪ್‌ಟಾಪಿನ ಪುಟ್ಟ ಬೆಳಕಿಗೆ ಬೆರಳು ಚಾಚಿದರು.
ಮುಖ ಕಂಡಿತು. ಹೇಳುವುದಿಲ್ಲ.

ಆ ರಾತ್ರಿ ನಾನು ಹೋಗಲಿಲ್ಲ. ನಿದ್ದೆಯೂ ಬರಲಿಲ್ಲ.
ಬೆಳಿಗ್ಗೆ ಕಡೆಯ ತೂಬಿನ ಪಟ್ಟಿಯಲ್ಲಿ
ನೀರು ಎರಡು ಬೆರಳು ಏರಿತ್ತು.
ಮೇಲೆ ಹಿಮ ಹೆಚ್ಚು ಕರಗಿತೋ ಏನೋ.
ನಾಯಿ ಮಾತ್ರ ರೊಟ್ಟಿಗಾಗಿ
ನನ್ನ ಬೇಲಿಯ ತನಕ ಬಂದು ಕೂತಿತ್ತು.