ಅಂಟು

ಪೆಟ್ಟಿಗೆಯ ಮೇಲೆ ಸಂಖ್ಯೆಯಿತ್ತು, ಹೆಸರಿರಲಿಲ್ಲ.
ಸೇಬು ತುಂಬುವಂಥದೇ ರಟ್ಟಿನ ಪೆಟ್ಟಿಗೆ.
ಬಿಳಿ ಕೈಗವಸಿನ ಹುಡುಗ
ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ ಕೊಟ್ಟ.
ನಾನೂ ಬಾಗಿದೆ. ಅಭ್ಯಾಸಬಲ.

ಎಂಬತ್ತೇಳು ವರ್ಷ ಕಪಾಟಿನಲ್ಲಿದ್ದವಳು
ಇಷ್ಟು ಹಗುರವೇ?
ಕಾರ್ಖಾನೆಯಲ್ಲಿ ದಿನವಿಡೀ ನಾನೆತ್ತುವ
ಮೀನಿನ ಮೊಟ್ಟೆಯ ಬುಟ್ಟಿ ಇದಕ್ಕಿಂತ ಭಾರ.

ಜೊತೆಗೊಂದು ಪಟ್ಟಿ. ಮೂರು ಪ್ರತಿ. ಮೊಹರೊತ್ತಲು ಜಾಗ.
ತಲೆಬುರುಡೆ ಒಂದು; ಸ್ತ್ರೀ; ಅರವತ್ತರ ಮೇಲೆ.
ಕೆಳದವಡೆ ಇಲ್ಲ.
ನೀಲಿ ಗಾಜಿನ ಮಣಿ ಹತ್ತೊಂಬತ್ತು.
ಅರಗಿನ ಬಟ್ಟಲು ಒಂದು; ಒಡೆದಿತ್ತು;
ದುರಸ್ತಿ ಮಾಡಲಾಗಿದೆ.

ಆ ಬಟ್ಟಲು ಅವಳಜ್ಜಿಯ ಕಾಲದ್ದು.
ದಕ್ಷಿಣದ ಹಡಗಿನ ವ್ಯಾಪಾರಿಗೆ ಒಣಮೀನು ಕೊಟ್ಟು ಕೊಂಡದ್ದು.
ಅವನ ಎಣಿಕೆಯೇ ಬೇರೆ:
ಶುರು, ಒಂದು, ಎರಡು, ಮೂರು…
ಹತ್ತು, ಮುಗಿಯಿತು.
ಹತ್ತು ಎಂದು ಹನ್ನೆರಡು ಮೀನು ಹೊತ್ತೊಯ್ಯುವ ಲೆಕ್ಕ.
ನನ್ನ ತಾಯಿ ಬಟಾಣಿ ಸುಲಿಯುವಾಗಲೂ
ಹಾಗೇ ಎಣಿಸಿ ನಗುತ್ತಿದ್ದಳು.

ಪೊನ್‌ನಾಯ್ ಹೊಳೆಯಂಚಿನ ಓಕ್ ಮರದ ಕೆಳಗೆ
ಅವಳನ್ನು ಮಣ್ಣು ಮಾಡಿದ್ದರು.
ಹೆಂಗಸಿನ ಗೋರಿಗೆ ಸೂಜಿಯ ಹಾಗೆ
ತಲೆಯಲ್ಲಿ ತೂತಿರುವ ಮರದ ಕಂಬ.
ಹೆಸರು ಕೊರೆಯುವುದಿಲ್ಲ. ಕೊಳೆಯಲೆಂದೇ ನೆಡುವುದು.
ನೆಟ್ಟು, ತಿರುಗಿ ನೋಡದೆ ಬರುವುದು.
ನಾವು ನೋಡದ ಕಡೆ
ಅವರು ನೋಡಿದರು.
ಬೇಸಿಗೆಯ ರೈಲಿನಲ್ಲಿ ಬಂದರು ಪ್ರೊಫೆಸರು,
ಇಬ್ಬರು ಶಿಷ್ಯರು, ಗುದ್ದಲಿ, ಊರಿನ ಪೊಲೀಸಿನವನು.

ಕೈಗವಸಿನ ಹುಡುಗ ಪಾಪ ಒಳ್ಳೆಯವನು.
ಬಟ್ಟಲನ್ನು ಬೆಳಕಿಗೆ ಹಿಡಿದು, ಮೆಲ್ಲಗೆ,
‘ಬಿರುಕು ಕಾಣುವುದೇ ಇಲ್ಲ ನೋಡಿ’ ಅಂದ.
ಅವನ ಗುರುವಿನ ಗುರು ಆರು ತಿಂಗಳು ಕೂತು ಅಂಟಿಸಿದ್ದಂತೆ.
ನಿಜ, ಕಾಣುವುದಿಲ್ಲ.
ಸಿಟ್ಟು ಬರಿಸಿಕೊಳ್ಳಲು ನೋಡಿದೆ.
ಕೆಲಸ ಅಷ್ಟು ಚೊಕ್ಕವಾಗಿತ್ತು.

ಹೇಗೆ ಹೇಳಲಿ ಅವನಿಗೆ,
ಅದು ಒಡೆದದ್ದಲ್ಲ, ಒಡೆಸಿದ್ದು ಎಂದು?
ಸತ್ತವರ ಜೊತೆ ಬಟ್ಟಲೂ ಸಾಯಬೇಕು.
ಅಂಚು ಮುರಿದರೆ ಅದರ ಜೀವ ಹೊರಡುತ್ತದೆ,
ಆಚೆ ಲೋಕದಲ್ಲಿ ಇಡಿಯಾಗಿ ಅವಳ ಕೈ ಸೇರುತ್ತದೆ.
ಇಲ್ಲಿ ಇವರು ಚೂರಿಗೆ ಚೂರು ಕೂಡಿಸುತ್ತಿದ್ದ ಆ ಸಂಜೆ,
ಅಲ್ಲಿ, ನವಣೆ ಗಂಜಿ ಅರ್ಧ ಕುಡಿದವಳ
ಕೈಯೊಳಗಿಂದ ಬಟ್ಟಲು ಮಾಯವಾಗಿರಬೇಕು.
ಬಿಸಿಗಂಜಿ ಬೊಗಸೆಗೆ ಸುರಿದಿರಬೇಕು.
ಅಂದಿನಿಂದ ನೆರೆಮನೆಯ ಬಾಗಿಲಲ್ಲಿ ನಿಂತು
ಕೇಳಿರಬೇಕು: ಒಂದು ಬಟ್ಟಲು, ಊಟ ಮುಗಿಯುವ ತನಕ.

ಮತ್ತೆ ಅದೇ ಹೊಳೆಯಂಚು. ಓಕ್ ಇಲ್ಲ,
ಜೋಳದ ಹೊಲದ ತಂತಿಬೇಲಿ.
ಯಾಸುಜಿ ಮಾವ ಬೆಂಕಿ ಹೊತ್ತಿಸಿ
ಶಾಲೆಯ ನೋಟುಪುಸ್ತಕ ನೋಡಿಕೊಂಡು ಪ್ರಾರ್ಥನೆ ಓದಿದ.
ಎರಡು ಕಡೆ ತಪ್ಪಿದ, ಜಪಾನಿಯಲ್ಲಿ ಕ್ಷಮೆ ಕೇಳಿದ.
ಪರವಾಗಿಲ್ಲ. ಬೆಂಕಿಯಜ್ಜಿಗೆ ಅದೂ ಬರುತ್ತದೆ,
ನೂರೈವತ್ತು ವರ್ಷದಿಂದ ನಮ್ಮ ಒಲೆಗಳಲ್ಲಿ
ಬೇರೇನು ಕೇಳಿದ್ದಾಳೆ?

ಆಮೇಲೆ ನನ್ನ ಸರದಿ.
ಹೊಳೆಯ ಕಲ್ಲೆತ್ತಿ ಹೊಡೆದೆ. ಠಣ್ ಎಂದಿತು, ಅಷ್ಟೆ.
ಇನ್ನೊಮ್ಮೆ.
ಮೂರನೆಯ ಏಟಿಗೆ ಸೀಳಿತು,
ಹಳೆಯ ಬಿರುಕಿನಲ್ಲಲ್ಲ, ಪಕ್ಕದಲ್ಲಿ, ಹೊಸದಾಗಿ.
ಅಂಟು ಬಿಡಲಿಲ್ಲ.
ದೂರದಲ್ಲಿ ನಿಂತ ಹುಡುಗ
ತನಗೇ ಬಿದ್ದವನಂತೆ ಭುಜ ಕುಗ್ಗಿಸಿದ.

ತಿರುಗಿ ನೋಡದೆ ಬಂದೆವು. ಅವನೂ.

ರಾತ್ರಿ ಉಗುರಿನ ಸಂದಿಯಲ್ಲಿ
ಹಳದಿ ಅಂಟಿನ ಚೂರು ಸಿಕ್ಕಿತು.
ಸೂಜಿಯಿಂದ ತೆಗೆಯುತ್ತ ಯೋಚಿಸಿದೆ,
ಬಟ್ಟಲೇನೋ ತಲುಪಿರಬಹುದು.
ದವಡೆ?
ಅದು ಇನ್ಯಾವುದೋ ಊರಿನ ಕಪಾಟಿನಲ್ಲಿ,
ಇನ್ನೊಂದು ಸಂಖ್ಯೆಯ ಕೆಳಗೆ.
ಗಂಜಿಗೆ ದವಡೆ ಬೇಡ, ಸರಿ.
ಆದರೆ ಅಲ್ಲಿ ಹೊಸಬರು ಯಾರಾದರೂ
ಯಾರಮ್ಮಾ ನೀನು, ಯಾವ ಹೊಳೆಯವಳು ಎಂದರೆ
ಅವಳು ಹೇಗೆ ಹೇಳಬೇಕು
ತುನಾಶ್‌ಮತ್ ಎಂದು,
ಚುರುಕಿನವಳು ಎಂದು?