ಹದಿನೇಳನೇ ದಿನ

ಟೀವಿಯಲ್ಲಿ ಮುಬೀನಾ ಇನ್ನೂ ದ್ವೀಪದಲ್ಲೇ ಇದ್ದಾಳೆ.
ತೆಂಗಿನ ಚಿಪ್ಪಿನಲ್ಲಿ ನೀರು, ಹಲ್ಲಿಗೆ ಮರಳು,
ಹೊತ್ತದ ಹಸಿ ಸೌದೆಗೆ ಬೈಗುಳ,
ಬೈಗುಳದ ಮೇಲೆ ಚಾನೆಲ್ಲಿನವರ ‘ಕುಂಯ್’.

ಇಲ್ಲಿ, ಶಿಡ್ಲಘಟ್ಟದ ಫಿಲೇಚರಿನಲ್ಲಿ,
ನನ್ನ ಪಕ್ಕದ ಬೇಸಿನ್ನಿಗೆ ಬಾಗಿ
ಅದೇ ಮುಬೀನಾ ಗೂಡು ಬಿಚ್ಚುತ್ತಿದ್ದಾಳೆ.
ಬಂದು ಎರಡು ತಿಂಗಳಾಯಿತು.
ಹೇಳುವಂತಿಲ್ಲವಂತೆ, ಸಹಿ ಹಾಕಿಸಿಕೊಂಡಿದ್ದಾರೆ.
ಗೆದ್ದೆಯೇನೇ ಅಂದರೆ
‘ನಿನ್ನ ಎಳೆ ಕಡಿದಿದೆ ನೋಡಕ್ಕಾ’ ಅನ್ನುತ್ತಾಳೆ.

ನಾವು ಸುಮ್ಮನಿರುವ ಜನವೇ?
ಹೊಸ ಚಪ್ಪಲಿ ಬಂತಾ ನೋಡಿದೆವು. ಇಲ್ಲ.
ಅವಳ ತಮ್ಮ ಬೈಕಿನ ಶೋರೂಮಿನ ಹತ್ತಿರ ನಿಂತಿದ್ದನಂತೆ,
ಪಕ್ಕದ ಪಂಚರ್ ಅಂಗಡಿಗೆ ಅಂತ ಆಮೇಲೆ ಗೊತ್ತಾಯಿತು.
ಮಾಲೀಕರು ಇಮ್ದಾದ್ ಸಾಬರು ಐನೂರು ಪಣ ಕಟ್ಟಿ
ಟೀವಿ ಬಿಟ್ಟು ಅವಳ ಮುಖವನ್ನೇ ನೋಡುತ್ತಾರೆ.

ಇವತ್ತು ಸುಡುನೀರಿನ ಆಟ.
ಹಂಡೆಯ ತಳದಿಂದ ಬೀಗದ ಕೈ ತೆಗೆಯಬೇಕು.
ಜಿಮ್ಮಿನ ಹುಡುಗ ಬೆರಳದ್ದಿ ಕುಣಿದ.
ಮುಬೀನಾ ಮೊಣಕೈವರೆಗೆ ಇಳಿಸಿದಳು,
ತಿಂಡಿಗೆ ಕೈ ತೊಳೆದಷ್ಟು ಸಲೀಸಾಗಿ.
ನಾವೆಲ್ಲ ಎದ್ದು ಕೂಗಿದೆವು
ನೆನೆದು ಬಿಳಿಚಿ ಸುಕ್ಕಾದ ಬೆರಳು ಮೇಲೆತ್ತಿ.

ಆಮೇಲೆ ರಾತ್ರಿ. ಪಂಜು. ಓಟು.
ತೆಂಗಿನಗರಿಯ ಮೇಲೆ ಒಬ್ಬೊಬ್ಬರದೂ ಒಂದೊಂದು ಹೆಸರು.
ಮೊದಲ ಗರಿ ಬಿಚ್ಚುವಷ್ಟರಲ್ಲಿ
ಸೋಪಿನ ಜಾಹೀರಾತು.

ಟೀವಿಗೆ ಬೆನ್ನು ಹಾಕಿ
ಬೆಂದ ಹುಳ ಬುಟ್ಟಿಗೆ ಬಸಿಯುತ್ತಿದ್ದವಳು
ಮೆಲ್ಲಗೆ ಅಂದಳು, ಅದೊಂದನ್ನೇ:
‘ಅಲ್ಲಿ ಹುಳ ತಿನ್ನಿಸಿದರಲ್ಲ, ಇದೇ ವಾಸನೆ ಅಕ್ಕಾ.
ಅಳು ಬಂತು.
ಅಸಹ್ಯಕ್ಕೆ ಅಂದುಕೊಂಡು
ಕ್ಯಾಮೆರಾ ಹತ್ತಿರ ತಂದರು.’