ಸೊನ್ನೆಯ ಕೆಳಗೆ

ಬೆಳಿಗ್ಗೆ ಒಂಬತ್ತಕ್ಕೆ ಹಳೇ ಸೇತುವೆಯ ಕೆಳಗಿಳಿದು
ಬಿಳಿ ಪಟ್ಟಿಯ ಮೇಲಿನ ಅಂಕಿ ಓದಿ
ಕಚೇರಿಗೆ ಫೋನು ಮಾಡುವುದು ನನ್ನ ಕೆಲಸ.
ಹದಿನಾಲ್ಕು ತಿಂಗಳಿಂದ ಓದಲು ಏನೂ ಇಲ್ಲ.
ಮೇಲಿನವರು ಹತ್ತಿಗೆ ಕುಡಿಸಿ ಬಾಕಿ ಉಳಿದದ್ದು
ತಿರುವಿನ ಹಸಿರು ಗುಂಡಿಯಲ್ಲಿ ಮುದುಡಿ ಕೂತಿದೆ,
ಅಂಚಿಗೆ ಮೀನುಗಳ ಬಿಳಿ ಹೊಟ್ಟೆ,
ಮೂಗು ಮುಚ್ಚಿದರೂ ಒಳಗೆ ಬರುವ ನಾತ.

'ಸೊನ್ನೆ ಅಂತ ಬರೆದುಕೊಳ್ಳಲಾ?' ಆ ಕಡೆಯ ಹುಡುಗಿ.
ಸೊನ್ನೆ ಅಲ್ಲಮ್ಮ, ಅದಕ್ಕಿಂತ ಕೆಳಗೆ.
'ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.'

ಐಲ್ಸಾ ಆಂಟಿ ಕೇಳಿ ಬಿದ್ದು ಬಿದ್ದು ನಕ್ಕಳು,
ಕೆಂಡದಿಂದ ರೊಟ್ಟಿ ಎತ್ತಿ ಬೂದಿ ಕೊಡವಿ,
'ಕೆಳಗೆ ಎಷ್ಟು ಅಂತ ನನ್ನ ಕೇಳಲಿ' ಅಂದಳು.
ಆಮೇಲೆ ನಗಲಿಲ್ಲ.

ಅವಳಿಗೆ ಆಗ ಎಂಟು, ತಮ್ಮನಿಗೆ ಐದು.
ಆ ವರ್ಷ ಬಾಕಾ ಏರಿದ್ದು
ಪೋಸ್ಟಾಫೀಸಿನ ಮೂರನೇ ಮೆಟ್ಟಿಲಿನವರೆಗೆ.
ಕಾರು ಬಂದಿತ್ತಂತೆ, ಮಕ್ಕಳನ್ನು ಒಯ್ಯುವ ಸರ್ಕಾರಿ ಕಾರು;
ಆಚೆ ದಿಬ್ಬದಲ್ಲಿ ಎರೆಮಣ್ಣು ಗಾಲಿ ಕಚ್ಚಿ ಹಿಡಿಯಿತು.
ಹೊರಗಿಳಿದ ಹ್ಯಾಟಿನವನ ಬೂಟೂ ಒಂದು ಮಣ್ಣಿಗೇ ಹೋಯಿತು.
ಅಷ್ಟು ದೂರಕ್ಕೂ ಕಂಡಿತು, ಅವನ ಒಂದು ಬಿಳಿ ಕಾಲುಚೀಲ.

ಅವಳ ಅಮ್ಮ ದಿನಾ ನಸುಕಿಗೆ
ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತಿದ್ದಳು.
ಸಂಜೆಗೆ ಕಡ್ಡಿ ಮುಳುಗಿದ್ದರೆ
ಸಿಂಪಿ ಸುಡುತ್ತ ಏನೋ ಗುನುಗುವಳು.
ಕಡ್ಡಿ ಒಣಗಿ ನಿಂತಿದ್ದರೆ
ಹಿಟ್ಟು ನಾದುವ ಸದ್ದು ಮಾತ್ರ.
ಹನ್ನೊಂದು ವಾರ. ನದಿ ಹಿಡಿದುಕೊಂಡದ್ದು ಅಷ್ಟು.
ಕೊನೆಕೊನೆಗೆ ಕಡ್ಡಿಗಳ ಸಾಲೇ ಇತ್ತು
ದಡದಿಂದ ಕೆಳಕ್ಕೆ,
ಬೇಲಿಯ ಹಾಗೆ, ಆದರೆ ಏನನ್ನೂ ತಡೆಯದ ಬೇಲಿ.

ಅವಳನ್ನು ಒಂದು ಊರಿಗೆ, ಅವನನ್ನು ಇನ್ನೊಂದಕ್ಕೆ.

ಅವನು ತಿರುಗಿ ಬಂದದ್ದು ಮೂವತ್ತೊಂದಕ್ಕೆ,
ಅಮ್ಮನ ಭಾಷೆಯಲ್ಲಿ ನಾಲ್ಕೇ ಶಬ್ದ ಉಳಿಸಿಕೊಂಡು,
ಒಂದು ನೀರು, ಒಂದು ಬಾ.
ಉಳಿದೆರಡು ಏನೆಂದು ಯಾರಿಗೂ ಹೇಳಲಿಲ್ಲ.
ಕುರಿ ಕತ್ತರಿಸುವ ಕೆಲಸ ಬಿಟ್ಟು
ಅಳತೆಪಟ್ಟಿ ಓದುವ ಈ ಪುಡಿಗಾಸಿನ ಕೆಲಸ ಹಿಡಿದ.
ನಲವತ್ತೆರಡು ವರ್ಷ, ಒಂದು ದಿನವೂ ತಪ್ಪದೆ.
ಯಾಕೆ ಅಂತ ಊರಲ್ಲಿ ಯಾರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ, ಮೊಮ್ಮಗಳು,
ಜೊತೆಗೆ ಇಳಿದು ಕಲ್ಲು ಎಸೆಯುತ್ತಿದ್ದವಳು.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ.
ಹೋದವರನ್ನು ಹೆಸರು ಹಿಡಿದು ಕೂಗಿ
ನಡೆಯುವವರನ್ನು ನಿಲ್ಲಿಸಬಾರದು ಅನ್ನುತ್ತಾಳೆ ಆಂಟಿ.
ಅದೇ ಹೆಸರಿನ ಚಿಕ್ಕ ಹುಡುಗನೊಬ್ಬನಿದ್ದಾನೆ,
ಸದ್ಯಕ್ಕೆ ಅವನನ್ನು ಬಾಲ್ ಅಂತ ಕರೆಯುತ್ತೇವೆ,
ಫುಟ್‌ಬಾಲು ಬಿಟ್ಟಿರುವುದಿಲ್ಲ, ಅದಕ್ಕೆ.

ಮೊನ್ನೆ ಉತ್ತರದಲ್ಲಿ ಮಳೆಯಾಯಿತಂತೆ.
ನಿನ್ನೆ ಇಡೀ ದಿನ ಬಾಲ್ ಮರದ ಮೇಲೆ.
ಇವತ್ತು ಅವನು ಕಿರುಚಿದ ರೀತಿಗೆ
ಬಿಳಿ ಕಾಕಟೂಗಳ ಹಿಂಡೇ ಎದ್ದು ಹೋಯಿತು.

ನೀರು ಅಂದರೆ ನೀರಲ್ಲ ಮೊದಲು.
ಕಂದು ನಾಲಗೆ, ತುದಿಗೆ ನೊರೆ,
ಒಣ ಎಲೆ, ಜೇಡ, ಪ್ಲಾಸ್ಟಿಕ್ ಬಾಟಲಿ
ಎಲ್ಲವನ್ನೂ ಮುಂದೆ ತಳ್ಳುತ್ತ,
ಬಿರುಕು ಸಿಕ್ಕಲ್ಲಿ ನಿಂತು ಕುಡಿಯುತ್ತ,
ನಡೆಯಲು ಕಲಿಯುವ ಮಗುವಿನಷ್ಟು ನಿಧಾನ.
ಮಕ್ಕಳು ಅದರ ಎದುರು ಹಿಮ್ಮುಖವಾಗಿ ನಡೆದರು,
ಬರಿಗಾಲಲ್ಲಿ, ಬಾ ಬಾ ಅನ್ನುತ್ತ.
ಆಂಟಿಯ ಕುರ್ಚಿಯನ್ನು ನಾಲ್ವರು ಹೊತ್ತು
ನದಿಯ ಮಧ್ಯದಲ್ಲೇ ಇಟ್ಟರು.
ಏಳು ಅಂದರೆ ಏಳಲಿಲ್ಲ, ಪಾದ ನೆನೆಯುವವರೆಗೆ.

ಆಮೇಲೆ ಪಟ್ಟಿಯ ಬುಡಕ್ಕೆ ಕೈ ಊರಿ ಬಗ್ಗಿದಳು.

ಫೋನು ಮಾಡಿದೆ. ನಾಲ್ಕು, ಅಂದೆ.
'ನಾಲ್ಕು ಸೆಂಟಿಮೀಟರಾ?'
ಅಲ್ಲ. ಬೆರಳು.
'ಯಾರ ಬೆರಳು?' ಅಂದಳು ಹುಡುಗಿ,
ಮೊದಲ ಸಲ ಅವಳ ದನಿಯಲ್ಲಿ
ಫಾರಂ ಬದಿಗಿಟ್ಟ ಸದ್ದು.